ಕುಣಿಯದೆ ಕೂತೆವು

ರುಶಾಬೊ ಜೌಗನ್ನು ಉಳಿಸಿದ್ದು ಭೂಮಿ ಟ್ರಸ್ಟು ಎಂದು ಈಗ ಬೆಟ್ಟದ ಮೇಲೂ ಹೇಳುತ್ತಾರೆ, ಕೆಳಗೂ ಹೇಳುತ್ತಾರೆ. ಸುಳ್ಳಲ್ಲ. ಅಧ್ಯಕ್ಷ ಕಮುಗಾಶಾ ತಲೆ ಕೊಟ್ಟ. ಬೆಟ್ಟದ ಮೇಲಿನ ಬಕೀಗ ಜನ, ರೈತರು, ಜಮೀನು ಕೊಟ್ಟರು. ಬೆನ್ನು ಕೊಟ್ಟವರು ನಾವು. ಬೆನ್ನು ಕೊಟ್ಟವರನ್ನು ಸದಸ್ಯರು ಅನ್ನುವ ಪದ್ಧತಿ ಮಾತ್ರ ಇರಲಿಲ್ಲ.

ನಾವು ಬಟ್ವ ಜನ. ಮಡಕೆ ಮಾಡುತ್ತೇವೆ. ನನ್ನ ಹೆಸರು ಪೆರೂಸಿ. ನಾನು ಅಮ್ಮನ ಬೆನ್ನ ಮೇಲಿನ ಕೂಸಾಗಿದ್ದಾಗ, ನಮ್ಮವರು ಇದ್ದ ಕಾಡು ಗೊರಿಲ್ಲಾಗಳದ್ದು ಎಂದು ಯಾರಿಗೋ ಗೊತ್ತಾಯಿತಂತೆ. ಬಂದೂಕಿನವರು ಬಂದು ನಮ್ಮನ್ನು ಹೊರಗೆ ಹಾಕಿದರು. ಗೊರಿಲ್ಲಾಗಳ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವೇನೂ ಅರ್ಜಿ ಹಾಕಿಕೊಂಡಿರಲಿಲ್ಲ. ಆದರೂ ಅವಕ್ಕೆ ಜಮೀನು ಬಂತು, ನಮಗೆ ಬರಲಿಲ್ಲ. ಕಾಡು ಬಿಟ್ಟವರು ಬೆಟ್ಟ ಇಳಿದು ಚರ್ಚಿನ ಜಾಗದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡರು. ಮುಂದೆ ಜೌಗಿನ ಜೊಂಡು. ಹಿಂದೆ ಪಾದ್ರಿಯ ಬೇಲಿ. ನಡುವೆ ನಾವು.

ಕಮುಗಾಶಾ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಅವಕಾಶ ಸಿಗುವುದಿಲ್ಲ. ಪೇಟೆಯ ಆಲೂಗೆಡ್ಡೆ ವ್ಯಾಪಾರಿಯೊಬ್ಬ ಜೌಗಿಗೆ ಕಾಲುವೆ ತೋಡಿ ನೀರು ಬಸಿದು ಹೊಲ ಮಾಡತೊಡಗಿದ್ದ. ಜೌಗಿನ ದಡದಲ್ಲಿ ಬೆಟ್ಟದ ಒಂದೊಂದು ಮನೆಗೂ ಒಂದೊಂದು ಪಟ್ಟಿ ನೆಲವಿತ್ತು. ವ್ಯಾಪಾರಿ ಅವನ್ನು ಒಂದೊಂದಾಗಿ ಕೊಳ್ಳುತ್ತ ಬಂದ. ಕೆಳಗಿನ ಊಟೆಗಳು, ನೀರಿನ ಒರತೆಗಳು, ಬತ್ತಿದವು. ಹೆಂಗಸರು ಬಿಂದಿಗೆ ಹೊತ್ತು ಪಕ್ಕದ ಕಣಿವೆಗೆ ನಡೆಯಬೇಕಾಯಿತು. ಆಗ ಕಮುಗಾಶಾ ತನ್ನ ಕಂದು ಕೋಟು ಹಾಕಿಕೊಂಡು ಮನೆಮನೆ ಹತ್ತಿಳಿದ.

"ಒಬ್ಬೊಬ್ಬರ ಹೆಸರಲ್ಲಿದ್ರೆ ಒಬ್ಬೊಬ್ಬರಾಗಿ ಮಾರ್ಕೋತೀರಿ. ಎಲ್ಲಾರ ಹೆಸರಲ್ಲಿದ್ರೆ ಯಾರೂ ಮಾರೋ ಹಾಗಿಲ್ಲ. ಟ್ರಸ್ಟು ಅಂದ್ರೆ ಅಷ್ಟೇ ಕಣ್ರಪ್ಪಾ, ನಮ್ಮ ಕೈಗಳನ್ನ ನಾವೇ ಕಟ್ಕೊಳ್ಳೋದು" ಎಂದ.

ಜನ ಕೈ ಕಟ್ಟಿಕೊಂಡರು. ಉಳಿದ ಪಟ್ಟಿಗಳೆಲ್ಲ ಟ್ರಸ್ಟಿನ ಹೆಸರಿಗಾದವು. ವ್ಯಾಪಾರಿ ಕೊಂಡಿದ್ದನ್ನೂ ಬಿಟ್ಟು ಬೈದುಕೊಂಡು ಹೋದ. ಪಟ್ಟಿ ಕೊಟ್ಟವರೆಲ್ಲ ಸದಸ್ಯರಾದರು. ಇನ್ನು ಕೆಲಸ ಬಾಕಿ ಇತ್ತು. ಸದಸ್ಯರ ಕೈ ಕಟ್ಟಿತ್ತಲ್ಲ, ನಮ್ಮನ್ನು ಕರೆದರು.

ತೋಡಿದ ಕಾಲುವೆ ಮುಚ್ಚಬೇಕು. ಇಳಿಜಾರಿಗೆ ಅಡ್ಡಡ್ಡ ಗುಂಡಿ ತೆಗೆದು ಮಳೆ ನೀರು ನಿಲ್ಲಿಸಬೇಕು. ದಡದ ನೀಲಗಿರಿ ಮರ ಕಡಿದು ಬೇರು ಕೀಳಬೇಕು. ಅಲ್ಲಿ ಬಿದಿರು ನೆಡಬೇಕು. ಗಂಡಸರು ಅಗೆದರು. ಹೆಂಗಸರು ಕಲ್ಲು ಹೊತ್ತೆವು. ಬುಟ್ಟಿಯ ಪಟ್ಟಿ ಹಣೆಗೆ ಬರುತ್ತದೆ, ಭಾರ ಬೆನ್ನಿಗೆ. ಹಣೆಯ ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಸುಲಿಯುತ್ತದೆ, ಆಮೇಲೆ ದಪ್ಪಗಾಗುತ್ತದೆ. ನೀಲಗಿರಿಯ ಬೇರು ಕೀಳುವಾಗ ನನ್ನ ಗಂಡ ಸೆಮಾಂಜನ ಉಗುರು ಕಿತ್ತು ಬಂತು. ಬೇರು ಬರಲಿಲ್ಲ. ಕೂಲಿಗೆ ಆಲೂಗೆಡ್ಡೆ ಕೊಟ್ಟರು. ಮಾರಲಾಗದ ಸಣ್ಣ ಗೆಡ್ಡೆಗಳು.

ಮಧ್ಯಾಹ್ನ ಗಂಜಿ ಬರುತ್ತಿತ್ತು. ಸದಸ್ಯರಿಗೆ ಲೋಟದಲ್ಲಿ. ನಮಗೆ ಬಾಳೆಎಲೆ ಮಡಚಿ ಹಿಡಿದರೆ ಮೇಲಿನಿಂದ ಸುರಿಯುತ್ತಿದ್ದರು, ನಮ್ಮ ಗಾಳಿ ತಾಗಬಾರದಲ್ಲ. ಎಷ್ಟು ಎತ್ತರದಿಂದ ಸುರಿದರೂ ಚೆಲ್ಲದೆ ಕುಡಿಯುವುದು ಒಂದು ವಿದ್ಯೆ. ನಮ್ಮ ಮಕ್ಕಳಿಗೆ ಶಾಲೆಗಿಂತ ಮೊದಲು ಅದು ಬರುತ್ತದೆ. ಗಂಜಿ ಬೇಯಿಸಿದ್ದು ನಾನು ಮಾಡಿದ ಮಡಕೆಯಲ್ಲಿ. ಅವರ ಅಡುಗೆಮನೆಗೆ ಮಡಕೆಗೆ ಪ್ರವೇಶವಿತ್ತು. ನನಗಿರಲಿಲ್ಲ.

"ಕೆಲ್ಸ ಮುಗೀಲಿ, ನಿಮ್ಮನ್ನೂ ಸದಸ್ಯರು ಮಾಡ್ಕೋತೀವಿ" ಎಂದು ಕಮುಗಾಶಾ ದಡದ ಮೇಲೆ ನಿಂತು ಹೇಳುತ್ತಿದ್ದ.

ಕೆಲಸ ಮುಗಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಊಟೆಗಳು ಮತ್ತೆ ಒಸರಿದವು. ಜುಟ್ಟಿನ ಕೊಕ್ಕರೆಗಳು ಜೋಡಿಜೋಡಿಯಾಗಿ ಬಂದು ಜೊಂಡಿನಲ್ಲಿ ಇಳಿದವು. ನನಗೂ ಖುಷಿಯಾಯಿತು. ನಾನು ಹೊತ್ತ ಕಲ್ಲಿನ ಮೇಲೆ ಕೊಕ್ಕರೆ ನಿಂತರೆ ಖುಷಿಯಾಗದೆ ಇರುತ್ತದೆಯೇ?

ಆಮೇಲೆ ಕಾವಲುಗಾರ ಬಂದ. ಕಮುಗಾಶಾನ ತಂಗಿಯ ಮಗ, ಎನೋಸಿ. ಮೊಣಕಾಲುದ್ದದ ಬೂಟು, ಕೈಯಲ್ಲಿ ಕೋಲು. ನಾನು ಮೇಲಿನ ಊಟೆಯ ಪಕ್ಕದ ಗುಂಡಿಯಿಂದ ಜೇಡಿಮಣ್ಣು ತುಂಬಿಕೊಂಡು ಬರುತ್ತಿದ್ದೆ. ನಮ್ಮವರು ಬೆಟ್ಟ ಇಳಿದಾಗಿನಿಂದ ತೆಗೆಯುತ್ತಿದ್ದ ಗುಂಡಿ ಅದು.

"ಇಳಿಸು. ಮಣ್ಣು ಟ್ರಸ್ಟಿಂದು."

"ನಿನ್ನೆವರ್ಗೂ ಯಾರದಾಗಿತ್ತಪ್ಪಾ?"

"ನಿನ್ನೆವರ್ಗೂ ಯಾರದೂ ಅಲ್ಲ."

"ಹಾಗಾದ್ರೆ ನಿನ್ನೆನೇ ತೆಗ್ದಿದ್ದು, ಇವತ್ತು ಬರೀ ಹೊತ್ಕೊಂಡು ಹೋಗ್ತಿದೀನಿ ಅನ್ಕೋ."

ಅವನಿಗೆ ತಮಾಷೆ ಹಿಡಿಸಲಿಲ್ಲ. ಕೋಲಿನಿಂದ ಬುಟ್ಟಿಯನ್ನು ದೂಡಿದ. ಪಟ್ಟಿ ಹಣೆಯಲ್ಲಿತ್ತು. ಕುತ್ತಿಗೆ ಹಿಂದಕ್ಕೆ ಸೆಳೆದು ಬಿದ್ದೆ. "ತಗ್ದ ಜಾಗಕ್ಕೇ ತುಂಬು" ಎಂದ. ಕೈಯಲ್ಲಿ ಬಾಚಿ ತುಂಬಿದೆ. "ತುಳಿ" ಎಂದ. ತುಳಿದೆ. ನೀರಿಗೆ ಬಂದ ಬೆಟ್ಟದ ಹೆಂಗಸರು ಬಿಂದಿಗೆ ಹಿಡಿದು ನಿಂತು ನೋಡಿದರು. ಒಬ್ಬಳು ನಕ್ಕಳು. ಮಡಕೆಯಾಗಲಿ ಎಂದು ಮಣ್ಣು ತುಳಿದು ಗೊತ್ತಿದ್ದ ಕಾಲು, ಅವತ್ತು ಮಡಕೆಯಾಗದಿರಲಿ ಎಂದು ತುಳಿಯಿತು. ಕಣ್ಣೀರು ಬಂದು ಅದರಲ್ಲೇ ಬಿತ್ತು. ಅದನ್ನೂ ಟ್ರಸ್ಟು ಕಾಪಾಡುತ್ತಿರಬೇಕು.

ಮಣ್ಣು ಮೆತ್ತಿದ ಕಾಲಲ್ಲೇ ಕಮುಗಾಶಾನ ಮನೆಗೆ ಹೋದೆ. ಅಂಗಳದ ಹೊರಗೆ ನಿಂತೆ. ಒಳಗೆ ಬಾ ಎಂದು ಅವನೂ ಅನ್ನಲಿಲ್ಲ, ನಾನೂ ಮರೆತು ಕಾಲಿಡಲಿಲ್ಲ.

"ಸೇಬೊ, ಕೆಲ್ಸ ಮುಗೀತಲ್ಲಾ. ನಮ್ಮನ್ನ ಯಾವಾಗ ಸೇರಿಸ್ಕೋತೀರಿ?"

ಸೇಬೊ ಎಂದರೆ ನಮ್ಮಲ್ಲಿ ಸ್ವಾಮಿ ಎಂದಂತೆ. ಕಮುಗಾಶಾನಿಗೆ ಆ ಮಾತು ಕೇಳಿದರೆ ಎದೆ ಸ್ವಲ್ಪ ಮುಂದೆ ಬರುತ್ತದೆ.

"ಪೆರೂಸೀ, ನನ್ನ ಮನಸ್ಸಲ್ಲಿ ಇದೆ ಕಣೆ. ನಿಯಮ ಬಿಡಲ್ಲ. ಜಮೀನು ಕೊಟ್ಟೋರೇ ಸದಸ್ಯರು. ನಿಮ್ಮತ್ರ ಕೊಡೋಕೆ ಏನಿದೆ?"

"ನಮ್ಮತ್ರ ಇದ್ದಿದ್ರೆ ನಿಮ್ಮನೆ ಮುಂದೆ ಯಾಕ್ ನಿಂತಿರ್ತಿದ್ದೆ?"

ಅವನು ನಕ್ಕ. ನಗುವುದಕ್ಕೆ ಬರುತ್ತದೆ ಅವನಿಗೆ. "ಇರು, ಒಂದು ದಾರಿ ಇದೆ. ಬರೋ ಶನಿವಾರ ಅತಿಥಿಗಳು ಬರ್ತಾರೆ. ಮೇಲಿನ ಇಳಿಜಾರನ್ನೂ ಟ್ರಸ್ಟಿಗೆ ಸೇರಿಸೋಕೆ ಅವರ ನೆರವು ಬೇಕು. ನೀವೆಲ್ಲಾ ಬಂದು ನಿಮ್ಮ ಕುಣಿತ ಕುಣೀರಿ. ಚರ್ಮ ಉಟ್ಕೊಂಡು, ಎಲೆ ಕಟ್ಕೊಂಡು. ಕಾಡಿನ ಮಕ್ಕಳು ನಮ್ಮ ಜೊತೆ ಇದ್ದಾರೆ ಅಂತ ಅವರಿಗೆ ತೋರಿಸ್ಬೇಕು. ಆಮೇಲೆ ನೋಡೋಣ."

"ಕಾಡು ಬಿಟ್ಟಾಗ ನನಗೆ ನಡಿಯೋಕೂ ಬರ್ತಿರ್ಲಿಲ್ಲ ಸೇಬೊ. ಚರ್ಮ ಎಲ್ಲಿಂದ ತರ್ಲಿ?"

"ಆಡಿನ ಚರ್ಮ ನಾನ್ ಕೊಡ್ತೀನಿ. ಆಡಿನ ಮಾಂಸಾನೂ ಕೊಡ್ತೀನಿ."

ಮಾಂಸದ ಮಾತು ನನಗಿಂತ ಮೊದಲೇ ನಮ್ಮ ಕೇರಿ ಮುಟ್ಟಿತ್ತು. ಸೆಮಾಂಜ ಆಗಲೇ ಮೊಣಕಾಲು ಕುಣಿಸುತ್ತಿದ್ದ.

"ಒಂದ್ ಹೊತ್ತು ಕುಣಿದ್ರೆ ಏನೇ ಹೋಗುತ್ತೆ? ಕಾಲು ಸವೀತದಾ?"

"ಎನೋಸಿ ತುಳಿ ಅಂದ, ತುಳಿದೆ. ಅವನ ಮಾವ ಕುಣಿ ಅಂತಾನೆ, ಕುಣೀಬೇಕಾ? ನನ್ನ ಕಾಲಿಗೆ ಎಷ್ಟು ಜನ ಯಜಮಾನ್ರು?"

ಅತ್ತೆ ನ್ಯಿರಮಾಜಾ ತಂಬಾಕಿನ ಕೊಳವೆಯ ಹೊಗೆ ಬಿಟ್ಟು ನೋಡುತ್ತಿದ್ದಳು. ನಮ್ಮಲ್ಲಿ ಕಾಡಿನಲ್ಲಿ ನಿಜವಾಗಿ ಕುಣಿದವಳು ಅವಳೊಬ್ಬಳೇ.

"ನಾವು ಕುಣೀತಿದ್ದಿದ್ದು ಜೇನು ಸಿಕ್ಕಿದ್ರೆ. ಮಗು ಹುಟ್ಟಿದ್ರೆ. ಕಮುಗಾಶಾಗೆ ಜೇನು ಸಿಕ್ಕಿದ್ರೆ ಅವನೇ ಕುಣೀಲಿ ಬಿಡೋ" ಎಂದಳು.

"ಮಾಂಸ, ಅಮ್ಮಾ?"

"ಮಾಂಸ ಬೇಕಾದ್ರೆ ಕೂತ್ಕೊಂಡು ತಿನ್ನು. ಅವರೆಲ್ಲಾ ಕೂತ್ಕೊಂಡೇ ತಾನೇ ತಿನ್ನೋದು?"

ಅತ್ತೆ ಅಂದದ್ದು ತಮಾಷೆಗೆ. ಆದರೆ ಆ ಮಾತು ಯಾರಿಗೂ ನಗು ತರಿಸಲಿಲ್ಲ. ಬೆಂಚಿನ ಮೇಲೆ ಕೂರುವುದು ಎಂದರೇನು ಎಂದು ನಮಗೆ ಗೊತ್ತಿತ್ತು. ಪಕ್ಕದ ಕಣಿವೆಯಲ್ಲಿ ಹೆಂಡದ ಮನೆಯ ಬೆಂಚಿನಲ್ಲಿ ಕೂತಿದ್ದಕ್ಕೆ ನಮ್ಮವನೊಬ್ಬನಿಗೆ ಹೊಡೆದು ಕಿವಿ ಕೇಳದ ಹಾಗೆ ಮಾಡಿದ್ದರು. ಆಮೇಲೆ ಸೆಮಾಂಜನೇ ಹೇಳಿದ: "ಅತಿಥಿಗಳ ಮುಂದೆ ಹೊಡಿಯಲ್ಲ ಬಿಡು. ಹೊಡಿಯೋದಾದ್ರೆ ಅವರು ಹೋದ್ಮೇಲೆ. ಅಷ್ಟರಲ್ಲಿ ಊಟ ಆಗಿರುತ್ತೆ."

ಶನಿವಾರ ಬೆಳಿಗ್ಗೆ ಸೆಮಾಂಜ ಹೋಗಿ ಅಧ್ಯಕ್ಷನಿಗೆ ಹೇಳಿ ಬಂದ: "ನಾವು ಕುಣಿಯಲ್ಲ ಸೇಬೊ." ಕಮುಗಾಶಾ ಮೊದಲು ಗದರಿದನಂತೆ, ಆಮೇಲೆ ಪುಸಲಾಯಿಸಿದನಂತೆ, ಆಮೇಲೆ ಕೋಟು ಬಿಚ್ಚಿ ಮತ್ತೆ ಹಾಕಿಕೊಂಡನಂತೆ. ಅತಿಥಿಗಳು ಹೊರಟಾಗಿತ್ತು. ಬಟ್ವ ಕುಣಿತ ಇದೆ ಎಂದು ಹೇಳಿಯೂ ಆಗಿತ್ತು.

ನಾವು ಭಾನುವಾರದ ಬಟ್ಟೆ ಹಾಕಿಕೊಂಡೆವು. ಮಕ್ಕಳ ಮೂಗು ಒರೆಸಿದೆವು. ಜಾತ್ರೆಗೆ ಹೊರಟಂತೆ ಬೆಟ್ಟ ಹತ್ತಿ ಟ್ರಸ್ಟಿನ ಬಯಲಿಗೆ ಹೋದೆವು. ನೀಲಿ ಟಾರ್ಪಾಲಿನ ಕೆಳಗೆ ಸಾಲು ಬೆಂಚು. ಸದಸ್ಯರು ಕೂತಿದ್ದರು. ಹಿಂದಿನ ಎರಡು ಬೆಂಚು ಖಾಲಿ ಇದ್ದವು. ಅತ್ತೆ ಮೊದಲು ಕೂತಳು. ಆಮೇಲೆ ನಾನು. ಆಮೇಲೆ ಎಲ್ಲರೂ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಒಬ್ಬ ಎದ್ದು ನಿಂತ. ಎನೋಸಿ ಕೋಲು ಹಿಡಿದು ಎರಡು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಅತಿಥಿಗಳ ಕಾರು ಬಯಲಿಗೆ ತಿರುಗಿತು. ಕಮುಗಾಶಾ ಎನೋಸಿಗೆ ಕಣ್ಣಲ್ಲೇ ಬೇಡ ಎಂದ. ಎದ್ದವನು ಕೂತ.

ಬಂದವರು ಇಬ್ಬರು. ರಾಜಧಾನಿಯ ಒಬ್ಬ ಹೆಂಗಸು, ಕನ್ನಡಕದವಳು, ನಮ್ಮ ಭಾಷೆ ಬಲ್ಲವಳು. ಇನ್ನೊಬ್ಬ ದೂರದೇಶದ ಬಿಳಿಯ ಮುದುಕ, ದೊಡ್ಡ ಟೋಪಿ, ಬಿಸಿಲಿಗೆ ಬೆಂದ ಮೂಗು. ಕಮುಗಾಶಾ ಜೌಗಿನ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಕಾಲುವೆ ಮುಚ್ಚಿದ್ದು, ಬೇರು ಕಿತ್ತದ್ದು, ಊಟೆ ಬಂದದ್ದು. "ನಾವು ಅಗೆದ್ವಿ, ನಾವು ಹೊತ್ವಿ" ಎಂದ. ಅವನ ನಾವು ಬಹಳ ದೊಡ್ಡದಾಗಿತ್ತು. ಅದರೊಳಗೆ ನಾವು ಮಾತ್ರ ಇರಲಿಲ್ಲ.

"ಈಗ ನಮ್ಮ ಕಾಡಿನ ಮಕ್ಕಳು, ಬಟ್ವ ಜನ, ನಿಮಗಾಗಿ ಕುಣೀತಾರೆ" ಎಂದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಟಾರ್ಪಾಲಿನ ಹಿಂದಿನಿಂದ ಕುಣಿಯುವವರು ಬಂದರು. ಕಮುಗಾಶಾನ ಅಣ್ಣನ ಮಕ್ಕಳು ಮೂವರು, ಹಾಡುವ ಮೇಳದ ಇಬ್ಬರು, ಜೊತೆಗೆ ಶಾಲೆಯ ಮೇಷ್ಟ್ರು. ಮೈಗೆ ಆಡಿನ ಚರ್ಮ. ತಲೆಗೆ ಬಾಳೆಎಲೆ. ಮುಖಕ್ಕೆ ಮಸಿ. ಬಟ್ವ ಜನ ಕುಳ್ಳಗಿರುತ್ತಾರೆ ಎಂದು ಯಾರೋ ನೆನಪಿಸಿರಬೇಕು, ಆರಡಿ ಮೇಷ್ಟ್ರು ಮಂಡಿ ಬಗ್ಗಿಸಿಕೊಂಡೇ ನಡೆಯುತ್ತಿದ್ದರು. ಡೋಲು ಹೊಡೆದರು. ಅವರು ಹಾರಿದರು. ಚರ್ಮ ಒಂದು ಕಡೆ ಹೋಯಿತು, ಹುಡುಗ ಒಂದು ಕಡೆ ಹೋದ. ಮೇಷ್ಟ್ರು "ಹೂ ಹೂ" ಎಂದರು. ನಾವು ಯಾವಾಗ ಹೂ ಹೂ ಅಂದಿದ್ದೆವೋ, ಅತ್ತೆಯನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಮೊದಲು ಹೊಟ್ಟೆ ಉರಿಯಿತು. ನಮ್ಮ ಹೊಟ್ಟೆಪಾಡು ಹೋಗಿ, ಜಾಗ ಹೋಗಿ, ಈಗ ನಮ್ಮ ಮೈಯನ್ನೂ ಬೇರೆಯವರು ಉಟ್ಟುಕೊಂಡಿದ್ದರು. ಆಮೇಲೆ ಮೇಷ್ಟ್ರ ಬಾಳೆಎಲೆ ಕಣ್ಣ ಮೇಲೆ ಜಾರಿ, ಅವರು ಡೋಲಿಗೆ ಡಿಕ್ಕಿ ಹೊಡೆದರು.

ಅತ್ತೆ ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು. ಸೆಮಾಂಜ ಬೆಂಚು ತಟ್ಟಿ ನಕ್ಕ. "ಮೇಷ್ಟ್ರೇ, ಇನ್ನೂ ಬಗ್ಗಿ! ಇನ್ನೂ ಬಟ್ವ ಆಗಿಲ್ಲಾ ನೀವು!" ಎಂದು ಕೂಗಿದ. ಎರಡು ಬೆಂಚೂ ನಗೆಯಲ್ಲಿ ಅಲ್ಲಾಡಿದವು. ಮುಂದಿನ ಬೆಂಚಿನ ಸದಸ್ಯರಿಗೂ ತಡೆಯಲಾಗಲಿಲ್ಲ.

ಬಿಳಿಯ ಮುದುಕ ತಿರುಗಿ ನೋಡಿ ಏನೋ ಕೇಳಿದ. ಕನ್ನಡಕದವಳು ನಮ್ಮ ಭಾಷೆಗೆ ತಂದಳು: "ಹಿಂದೆ ಕೂತು ಇಷ್ಟು ಚೆನ್ನಾಗಿ ನಗ್ತಿರೋರು ಯಾರು ಅಂತ ಕೇಳ್ತಿದಾರೆ."

ಕಮುಗಾಶಾನ ಹಣೆಯ ಮೇಲೆ ಬೆವರು ಒಡೆಯಿತು. ಬಟ್ವ ಜನ ಕುಣಿಯುತ್ತಿದ್ದಾರೆ ಎಂದು ಹೇಳಿಯಾಗಿದೆ. ನಾವು ಯಾರೆನ್ನಬೇಕು?

"ಅವರು... ಅವರು ನಮ್ಮ ಸದಸ್ಯರು" ಎಂದ.

ಮುದುಕ ಸಂತೋಷದಿಂದ ತಲೆಯಾಡಿಸಿ, ಹೆಣ್ಣು ಸದಸ್ಯರೊಬ್ಬರ ಮಾತು ಕೇಳಬೇಕು ಎಂದನಂತೆ. ಅತ್ತೆ ನನ್ನ ಸೊಂಟ ತಿವಿದಳು. ಎದ್ದೆ.

"ಅಧ್ಯಕ್ಷರು ದೊಡ್ಡ ಮನುಷ್ಯರು. ಕೊಟ್ಟ ಮಾತನ್ನ ಇವತ್ತು ನಿಮ್ಮೆಲ್ಲರ ಮುಂದೆ ನಡೆಸಿಕೊಟ್ರು. ಇಷ್ಟೊತ್ತಿನವರ್ಗೂ ನಾವು ಸದಸ್ಯರು ಅಂತ ನಮಗೇ ಗೊತ್ತಿರ್ಲಿಲ್ಲ. ನಾವು ಬಟ್ವ ಜನ. ಅಲ್ಲಿ ಮಸಿ ಬಳ್ಕೊಂಡಿರೋರು ಅಧ್ಯಕ್ಷರ ಅಣ್ಣನ ಮಕ್ಕಳು. ಪಾಪ, ಸುಸ್ತಾಗಿದಾರೆ, ಯಾರಾದ್ರೂ ನೀರು ಕೊಡ್ರಪ್ಪಾ."

ಕನ್ನಡಕದವಳು ಭಾಷಾಂತರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಕಲ್ಲು ಹೊತ್ತಿದ್ದು ಈ ಹಣೆ. ನನ್ನ ಗಂಡನ ಉಗುರು ನಿಮ್ಮ ಬಿದಿರಿನ ಬುಡದಲ್ಲಿದೆ. ನಮಗೆ ಎಲೆಗೆ ಸುರಿದ್ರಿ, ಕುಡಿದ್ವಿ. ಮಣ್ಣು ತುಳಿ ಅಂದ್ರಿ, ತುಳಿದೆ. ಕುಣಿ ಅಂದ್ರಿ. ಕುಣಿಯಲ್ಲ. ಜಮೀನು ಕೊಟ್ಟೋರೇ ಸದಸ್ಯರು ಅಂತೀರಿ. ನಾವು ಒಂದು ಕಾಡೇ ಕೊಟ್ಟಿದೀವಿ. ಕೊಡ್ತೀರಾ ಅಂತ ಯಾರೂ ಕೇಳ್ಲಿಲ್ಲ, ಆದ್ರೂ ಹೋಯ್ತು. ಗೊರಿಲ್ಲಾಗೆ ಜಾಗ ಬಿಟ್ವಿ. ಈಗ ನೀರಿಗೆ ಜಾಗ ಬಿಡಿ ಅಂತೀರಿ. ಬಿಡ್ತೀವಿ. ನೀರು ನಾವೂ ಕುಡೀತೀವಿ. ಆದ್ರೆ ಈ ಸಲ ನಮ್ಮನ್ನ ಕೇಳಿ ಬಿಡಿಸ್ಕೊಳ್ಳಿ."

ಕೂತೆ.

ಮುಂದಿನ ಬೆಂಚಿನಿಂದ ಫ್ಲೋರಿದಾ ಎದ್ದಳು. ಬೆಟ್ಟದ ವಿಧವೆ, ಟ್ರಸ್ಟಿಗೆ ಅಗಲವಾದ ಪಟ್ಟಿ ಕೊಟ್ಟವಳು. ನಾನು ಮಣ್ಣು ತುಳಿದ ದಿನ ಬಿಂದಿಗೆ ಹಿಡಿದು ನಿಂತಿದ್ದವರಲ್ಲಿ ಅವಳೂ ಒಬ್ಬಳು. ನನ್ನ ಕಡೆ ನೋಡಲಿಲ್ಲ.

"ಅಧ್ಯಕ್ಷರ ಮಾತು ಅತಿಥಿಗಳ ಮುಂದೆ ಸುಳ್ಳಾಗ್ಬಾರ್ದು. ನಿಯಮ ಮಾಡಿದ್ದು ನಾವು. ತಿದ್ದೋರೂ ನಾವೇ. ಊರೆಲ್ಲಾ ಇಲ್ಲೇ ಇದೆ. ಇವರನ್ನ ಸೇರಿಸ್ಕೊಳ್ಳೋಣ ಅನ್ನೋರು ಕೈ ಎತ್ರಪ್ಪಾ" ಎಂದು ತನ್ನ ಕೈ ಎತ್ತಿದಳು.

ಕೈಗಳು ಎದ್ದವು. ಹೆಂಗಸರವು ಬೇಗ, ಗಂಡಸರವು ನಿಧಾನವಾಗಿ. ಕೆಲವರು ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಮಸಿ ಮುಖದ ಮೇಷ್ಟ್ರು ಕೈ ಎತ್ತಿದರು, ಜೊತೆಗೆ ಮಂಡಿಯನ್ನೂ ನೆಟ್ಟಗೆ ಮಾಡಿದರು. ಅರ್ಧ ಆಗಿತ್ತೋ ಇಲ್ಲವೋ ಎಂಬಲ್ಲಿ ಕಮುಗಾಶಾ ತಲೆ ಕೆರೆದುಕೊಳ್ಳಲು ಕೈ ಎತ್ತಿದ. "ಅಧ್ಯಕ್ಷರೂ ಎತ್ತಿದ್ರು!" ಎಂದು ಫ್ಲೋರಿದಾ ಕೂಗಿದಳು. ಆಮೇಲೆ ಅವನಿಗೆ ಇಳಿಸಲಾಗಲಿಲ್ಲ. ತೊಡೆಯ ಕೆಳಗಿದ್ದ ಇನ್ನಷ್ಟು ಕೈಗಳೂ ಹೊರಬಂದವು.

ಸೆಮಾಂಜ ಮಾಂಸ ತಿಂದ, ಕೂತುಕೊಂಡೇ. ಯಾರೂ ಹೊಡೆಯಲಿಲ್ಲ.

ಹೊಡೆಯದಿದ್ದರೂ ಸುಮ್ಮನೆ ಬಿಡಲಿಲ್ಲ. ಆ ಮಳೆಗಾಲವೆಲ್ಲ ಬೆಟ್ಟದವರು ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಪ್ಲಾಸ್ಟಿಕ್ ಬಿಂದಿಗೆ ಕೊಂಡರು, ಮಡಕೆ ಬೇಡವೆಂದರು. ನಮ್ಮ ಮಕ್ಕಳು ಹಸಿದು ಮಲಗಿದರು. ನೆರವು ಬರುವುದೋ ಇಲ್ಲವೋ ಎಂದು ಕಮುಗಾಶಾ ನನ್ನನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಟ್ಟ. ಬಂತು. ಆಗ ತನ್ನ ಭಾಷಣದಿಂದಲೇ ಬಂತು ಎಂದ. ಇರಲಿ ಎಂದೆವು. ಸಭೆಗೆ ಹೋದರೆ ನಮ್ಮ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಡುತ್ತಿದ್ದರು. ಜನ ಜಾಸ್ತಿ ಬಂದ ಒಂದು ದಿನ ಬೆಂಚು ಸಾಲದೆ ಒಬ್ಬ ಮುದುಕ ಬಂದು ಅಲ್ಲಿ ಕೂತ. ಅವನ ಮಂಡಿ ನೋಯುತ್ತಿತ್ತು. ಮಂಡಿ ನೋವಿಗೆ ಜಾತಿ ನೆನಪಿರುವುದಿಲ್ಲ.

ಮಳೆ ಮುಗಿದ ಮೇಲಿನ ಸಭೆಯಲ್ಲಿ ಮೇಲಿನ ಊಟೆಯ ವಿಷಯ ಬಂತು. ನಮ್ಮ ಮಣ್ಣಿನ ಗುಂಡಿಯಿಂದ ಊಟೆಗೆ ಕೆಸರು ಇಳಿಯುತ್ತಿತ್ತು. ಇನ್ನೊಂದು ಕಡೆ ಕಮುಗಾಶಾನ ಎಲೆಕೋಸಿನ ಮಡಿ ಊಟೆಯ ಬಾಯಿವರೆಗೂ ಬಂದಿತ್ತು. ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

"ಗುಂಡಿ ಮುಚ್ಚಬೇಕಾಗುತ್ತೆ. ಪೆರೂಸೀ, ಏನಂತೀಯಾ?" ಎಂದು ಕಮುಗಾಶಾ ಕೇಳಿದ.

ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಆ ಗುಂಡಿಯ ಮಣ್ಣು ಎಷ್ಟು ನುಣುಪು ಎಂದರೆ ಬೆರಳು ಇಟ್ಟರೆ ಮಡಕೆ ತಾನಾಗಿ ಏಳುತ್ತದೆ. ಕೆಳಗಿನ ದಡದ ಮಣ್ಣು ಒರಟು, ಸುಡುವಾಗ ಬಿರುಕು ಬಿಡುತ್ತದೆ. ಬೇಡ ಎಂದರೆ ಬೇಡವಾಗುತ್ತಿತ್ತೋ ಏನೋ. ಸೆಮಾಂಜ ಬೇಡ ಅನ್ನು ಎಂದು ಕಾಲು ತುಳಿದ. ಕೆಳಗಿನ ಊಟೆಗೆ ಹೋಗುವುದು ಅದೇ ನೀರು. ನಮ್ಮ ಮಕ್ಕಳು ಕುಡಿಯುವುದೂ ಅದನ್ನೇ.

"ಮುಚ್ಚೋಣ. ಕೆಳಗಿನ ದಡದಲ್ಲಿ ನಮಗೆ ಮಣ್ಣು ತೆಗಿಯೋ ಹಕ್ಕು ಬರೀರಿ. ಎಲೆಕೋಸೂ ಹಿಂದಕ್ಕೆ ಹೋಗ್ಲಿ. ಕೋಸು ಅಧ್ಯಕ್ಷರದಾದ್ರೂ ಕೆಸರು ಎಲ್ಲಾರಿಗೂ ಬರುತ್ತೆ."

ಸಭೆ ನಕ್ಕಿತು. ಫ್ಲೋರಿದಾ ಮೊದಲು ಕೈ ಎತ್ತಿದಳು. ಎರಡೂ ತೀರ್ಮಾನವಾದವು.

"ಸದಸ್ಯಳಾಗಿ ಮಾಡಿದ ಮೊದಲ್ನೇ ಘನಕಾರ್ಯ, ನಮ್ಮದೇ ಗುಂಡಿ ಮುಚ್ಚಿಸಿದ್ದು" ಎಂದು ಸೆಮಾಂಜ ದಾರಿಯುದ್ದಕ್ಕೂ ಗೊಣಗಿದ.

ಗುಂಡಿ ತುಂಬಲು ಸದಸ್ಯರೆಲ್ಲ ಬರಬೇಕೆಂದು ಅದೇ ಸಭೆಯಲ್ಲಿ ಆಗಿತ್ತು. ಆ ಬೆಳಿಗ್ಗೆ ಎನೋಸಿಯೂ ಬಂದ, ಕೋಲು ಮನೆಯಲ್ಲಿ ಬಿಟ್ಟು. ಕಮುಗಾಶಾ ಕಂದು ಕೋಟಿನಲ್ಲೇ ಬಂದು ದಡದ ಮೇಲೆ ನಿಂತ. ಫ್ಲೋರಿದಾ ಅವನ ಕೈಗೊಂದು ಬುಟ್ಟಿ ಕೊಟ್ಟಳು. ಅವನು ಆಚೀಚೆ ನೋಡಿದ. ಎಲ್ಲರೂ ಹೊರುತ್ತಿದ್ದರು. ಕೋಟು ಬಿಚ್ಚಿ ಬಿದಿರಿಗೆ ನೇತು ಹಾಕಿದ. ನಾನು ಅವನ ಬುಟ್ಟಿಗೆ ಮಣ್ಣು ತುಂಬಿದೆ. ಸ್ವಲ್ಪ ಧಾರಾಳವಾಗಿಯೇ ತುಂಬಿದೆ. ಪಟ್ಟಿಯನ್ನು ಹಣೆಗೆ ಇಟ್ಟುಕೊಂಡು ನೆಟ್ಟಗೆ ಏಳಲು ಹೋದ. ಬುಟ್ಟಿ ಅವನನ್ನು ಹಿಂದಕ್ಕೆ ಎಳೆಯಿತು.

"ಹಾಗಲ್ಲ ಸೇಬೊ. ಬೆನ್ನು ಬಗ್ಗಿಸ್ಬೇಕು."

ಅವನು ನನ್ನನ್ನು ದುರುಗುಟ್ಟಿಕೊಂಡು ನೋಡಿದ. ಆಮೇಲೆ ಬಗ್ಗಿದ.